ಸೆಲ್ಫ್ ಹೊಡೆಯದ ಕ್ಯಾಂಪರ್‌ಗೆ ‘2000 ಆಂಪ್ಸ್’ ಡಬ್ಬ: ಕೊಳ್ಳಬಹುದೇ?

ಅಂಗೈಗಿಂತ ಚೂರು ದೊಡ್ಡದಾದ ಕಪ್ಪು ಡಬ್ಬ, ಎರಡು ಕ್ಲಿಪ್, ಒಂದು ಟಾರ್ಚು, ಮೈಮೇಲೆ ದಪ್ಪಕ್ಷರದಲ್ಲಿ ‘2000 ಆಂಪ್ಸ್ ಪೀಕ್’. ಆನ್‌ಲೈನ್‌ನಲ್ಲಿ ಹತ್ತಾರು ಹೆಸರಲ್ಲಿ ಸಿಗುವ ಲಿಥಿಯಂ ಜಂಪ್ ಸ್ಟಾರ್ಟರ್‌ಗಳಲ್ಲಿ (ಬ್ಯಾಟರಿ ಇಳಿದ ಗಾಡಿಯನ್ನು ಸ್ಟಾರ್ಟ್ ಮಾಡಿಸುವ ಪುಟ್ಟ ಬ್ಯಾಟರಿ) ಬಹುಪಾಲು ಇದೇ ಸರಕು, ಅಂಟಿಸಿದ ಸ್ಟಿಕ್ಕರ್ ಮಾತ್ರ ಬೇರೆ. ಬೆಲೆ ಐದರಿಂದ ಹತ್ತು ಸಾವಿರದ ಆಸುಪಾಸು. ಬೆಂಗಳೂರಿನಲ್ಲಿ ಟ್ರಾವೆಲರ್ರೋ ವಿಂಗರ್ರೋ ವ್ಯಾನ್ ತಂದು ಕ್ಯಾಂಪರ್ (ಒಳಗೇ ಉಳಿದುಕೊಳ್ಳುವಂಥ ಗಾಡಿ) ಕಟ್ಟಿಸಿಕೊಂಡವರಿಗೆ ಇದು ಬೇಕಾ? ಬೇಕು. ಆದರೆ ಇದಕ್ಕಿಂತ ಮೊದಲು ಕೆಲವು ನೂರು ರೂಪಾಯಿಯ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಬೇಕು. ಅದಿಲ್ಲದೆ ಈ ಡಬ್ಬ ಇಟ್ಟುಕೊಳ್ಳುವುದು ಜ್ವರ ನೋಡದೆ ಮಾತ್ರೆ ನುಂಗಿದ ಹಾಗೆ.

ಮೊದಲು ಆ 2000ದ ಕಥೆ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ. 2.6 ಲೀಟರ್ ಡೀಸೆಲ್ ಎಂಜಿನ್‌ನ ಸೆಲ್ಫ್ (ಸ್ಟಾರ್ಟರ್ ಮೋಟಾರ್) ತಿರುಗುತ್ತಿರುವಾಗ ಎಳೆಯುವುದು ಸುಮಾರು 250ರಿಂದ 350 ಆಂಪಿಯರ್. ಶುರುವಿನ ಜಗ್ಗಿಗೆ ಮಾತ್ರ ಇದಕ್ಕಿಂತ ಜಾಸ್ತಿ. ಡಬ್ಬದ ಮೇಲಿನ 20,000 ಎಂಎಎಚ್ ಒಂದೊಂದು ಸೆಲ್ಲಿನ 3.7 ವೋಲ್ಟ್ ಲೆಕ್ಕದ್ದು. ಅಂದರೆ 74 ವ್ಯಾಟ್-ಅವರ್, 12 ವೋಲ್ಟ್‌ಗೆ ತಂದರೆ ಬರೀ 6 ಆಂಪಿಯರ್-ಅವರ್. ಕಡಿಮೆ ಅನ್ನಿಸಬಹುದು. ಆದರೆ 300 ಆಂಪಿಯರ್‌ನಂತೆ 5 ಸೆಕೆಂಡ್ ಸೆಲ್ಫ್ ಹೊಡೆದರೂ ಖರ್ಚು 0.4 ಆಂಪಿಯರ್-ಅವರ್ ಅಷ್ಟೇ. ಹಾಗಾಗಿ ಒಳಗೆ ಎಷ್ಟು ಚಾರ್ಜ್ ಇದೆ ಅನ್ನುವುದಕ್ಕಿಂತ, 300 ಆಂಪಿಯರ್ ಹರಿಯುವಾಗ ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆ ಅನ್ನುವುದು ಮುಖ್ಯ. ಅದನ್ನು ಯಾವ ಸ್ಟಿಕ್ಕರೂ ಹೇಳುವುದಿಲ್ಲ.

ಹೇಳುವುದು ಕ್ಲಿಪ್ಪು. ಕೈಯಲ್ಲಿ ಹಿಡಿದು ಬಾಯಿ ಅಗಲಿಸಿ ನೋಡಿ. ಅಗ್ಗದ ಕ್ಲಿಪ್ಪಿನಲ್ಲಿ ವೈರು ಒಂದೇ ದವಡೆಗೆ ಬಂದು ನಿಂತಿರುತ್ತದೆ, ಇನ್ನೊಂದು ದವಡೆ ಸುಮ್ಮನೆ ಸ್ಪ್ರಿಂಗಿನ ಆಸರೆಗೆ. ಟರ್ಮಿನಲ್ಲನ್ನು ಎರಡೂ ಕಡೆಯಿಂದ ಕಚ್ಚಿದಂತೆ ಕಂಡರೂ ಕರೆಂಟ್ ಹರಿಯುವುದು ಒಂದೇ ಕಡೆಯಿಂದ, ಅದೂ ನಾಲ್ಕೈದು ಹಲ್ಲಿನ ತುದಿಯಿಂದ. ಒಳ್ಳೆಯದರಲ್ಲಿ ಎರಡೂ ದವಡೆಗೆ ತಾಮ್ರದ ಪಟ್ಟಿ ಇದ್ದು, ಅವೆರಡನ್ನು ಹೆಣೆದ ತಾಮ್ರದ ತಂತಿ ಸೇರಿಸಿರುತ್ತದೆ. ವೈರು ಎರಡು ಬೆರಳಲ್ಲಿ ಸಲೀಸಾಗಿ ಮಡಚಿಕೊಳ್ಳುವಷ್ಟು ತೆಳುವಾಗಿದ್ದರೆ ಅದು ಪೆಟ್ರೋಲ್ ಕಾರಿಗೆ ಸರಿ, ಟ್ರಾವೆಲರ್‌ಗೆ ಸಾಲದು.

ಬಳಸುವಾಗ ಎಡವುವ ಜಾಗ ಇನ್ನೊಂದಿದೆ. ಗಾಡಿಯ ಬ್ಯಾಟರಿ 2-3 ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಇಂಥ ಬಹಳಷ್ಟು ಡಬ್ಬಗಳಿಗೆ ಬ್ಯಾಟರಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಆಗ ‘ಬೂಸ್ಟ್’ ಬಟನ್ ಒತ್ತಬೇಕು. ಒತ್ತಿದ ಕ್ಷಣದಿಂದ ಉಲ್ಟಾ ಕನೆಕ್ಷನ್ ತಡೆಯುವ ಕಾವಲು ಹೋಯಿತು ಅಂತಲೇ ತಿಳಿಯಿರಿ, ಕೆಂಪು-ಕಪ್ಪು ಎರಡೆರಡು ಸಲ ನೋಡಿ. ಒಂದು ಸಲಕ್ಕೆ 3-4 ಸೆಕೆಂಡ್ ಸೆಲ್ಫ್, ಆಮೇಲೆ ಒಂದು ನಿಮಿಷ ಬಿಡುವು. ಎಂಜಿನ್ ಹತ್ತಿದ ಮೇಲೆ ಅರ್ಧ ನಿಮಿಷದೊಳಗೆ ಕ್ಲಿಪ್ ಬಿಚ್ಚಿ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್‌ನ 14 ವೋಲ್ಟ್ ಹಿಂದಕ್ಕೆ ಲಿಥಿಯಂ ಸೆಲ್ಲಿಗೆ ನುಗ್ಗುವುದು ಬೇಡ.

ಈಗ ಅಸಲು ವಿಷಯ. ಸ್ಟಾರ್ಟ್ ಆಗದ ಗಾಡಿಗಳಲ್ಲಿ ಈ ಡಬ್ಬ ಎಬ್ಬಿಸುವುದು ಒಂದು ಬಗೆಯವನ್ನು ಮಾತ್ರ. ಯಾವ ಬಗೆ ಅಂತ ಕೀ ತಿರುಗಿಸಿದಾಗಿನ ಸದ್ದೇ ಅರ್ಧ ಹೇಳಿಬಿಡುತ್ತದೆ. ಸದ್ದೇ ಇಲ್ಲವೇ? ಕ್ಲಚ್ ಪೂರ್ತಿ ಒತ್ತಿದ್ದೀರಾ, ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಲಾಕು) ದೀಪ ಮಿನುಗುತ್ತಿದೆಯಾ, ಸ್ಟಾರ್ಟರ್ ಫ್ಯೂಸು-ರಿಲೇ ಸರಿಯಿದೆಯಾ ನೋಡಿ. ‘ಟಕಟಕಟಕ’ ಅಂದರೆ ಸಾಲಿನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ಹಿಡಿಯುತ್ತದೆ, ವೋಲ್ಟೇಜ್ ಕುಸಿದು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಬ್ಯಾಟರಿ ಡೌನ್ ಆಗಿರಬೇಕು, ಇಲ್ಲ ಟರ್ಮಿನಲ್ ಸಡಿಲ ಆಗಿರಬೇಕು. ಗಟ್ಟಿಯಾಗಿ ಒಂದೇ ಒಂದು ‘ಟಕ್’ ಬಂದು, ಹೆಡ್‌ಲೈಟ್ ಮಂಕಾಗದೆ ಹಾಗೇ ಉರಿಯುತ್ತಿದ್ದರೆ ಸಾಲಿನಾಯ್ಡ್ ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಸೆಲ್ಫಿನ ಬ್ರಷ್ ಸವೆದಿರಬಹುದು. ಅದಕ್ಕೆ ಎಷ್ಟು ಆಂಪ್ಸ್ ಸುರಿದರೂ ಅಷ್ಟೇ.

ಮೀಟರ್ ಹಿಡಿದರೆ ಅನುಮಾನಕ್ಕೆ ಜಾಗವಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ಖಾಲಿಯ ಹತ್ತಿರ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. 12.6 ಇದ್ದದ್ದು ಕೀ ತಿರುಗಿಸಿದೊಡನೆ 7ಕ್ಕೆ ಇಳಿದರೆ ಬ್ಯಾಟರಿಯ ಆಯಸ್ಸು ಮುಗಿದಿದೆ. 11 ವೋಲ್ಟ್‌ನಲ್ಲೇ ನಿಂತಿದ್ದೂ ಸೆಲ್ಫ್ ಎದ್ದೇಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ದಾರಿಯಲ್ಲಿ ಎಲ್ಲೋ ತಡೆ ಇದೆ.

ಆ ತಡೆ ಕ್ಯಾಂಪರ್‌ಗಳಲ್ಲಿ ಹೆಚ್ಚಾಗಿ ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಗೆ, ಎಂಜಿನ್ನಿಗೆ ಹೋಗುವ ಅರ್ಥ್ ವೈರಿನದು. ಬಾಡಿ ಕಟ್ಟುವವರು ಚಾಸಿಗೆ ಪೇಂಟ್ ಹೊಡೆಯುವಾಗ ಅರ್ಥ್ ಬೋಲ್ಟ್ ಕೂರುವ ಜಾಗಕ್ಕೂ ಹೊಡೆದುಬಿಡುತ್ತಾರೆ. ಲಗ್ (ವೈರಿನ ತುದಿಯ ಲೋಹದ ಬಳೆ) ಪೇಂಟಿನ ಮೇಲೆ ಕೂತಿರುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಅಡಿಯಲ್ಲಿ ತುಕ್ಕು. 0.01 ಓಮ್ ತಡೆ ಇದ್ದರೂ 300 ಆಂಪಿಯರ್‌ಗೆ 3 ವೋಲ್ಟ್ ಅಲ್ಲೇ ಮಾಯ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಗೂಟದ ಮೇಲೆ (ಲಗ್ ಮೇಲಲ್ಲ, ಗೂಟದ ಮೇಲೆಯೇ), ಇನ್ನೊಂದು ಎಂಜಿನ್ ಬ್ಲಾಕಿನ ಬರಿಯ ಲೋಹದ ಮೇಲೆ ಇಟ್ಟು, ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸಿ. 0.3 ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಸ್ಯಾಂಡ್‌ಪೇಪರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಟರ್ಮಿನಲ್ ಮೇಲೆ ಹಸಿರು-ಬಿಳಿ ಹೂವು ಅರಳಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿದರೆ ನೊರೆಯೆದ್ದು ಹೋಗುತ್ತದೆ. ವೈರ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ.

ಜಂಪ್ ಡಬ್ಬ ನಮಗೆ ನಿಜವಾಗಿ ಮೆಚ್ಚುಗೆಯಾದದ್ದು ಇಲ್ಲೇ, ಅದನ್ನು ಪರೀಕ್ಷೆಯ ಸಾಧನವಾಗಿಯೂ ಬಳಸಬಹುದು. ಕೆಂಪು ಕ್ಲಿಪ್ ಬ್ಯಾಟರಿಯ ಪಾಸಿಟಿವ್‌ಗೆ ಹಾಕಿ. ಕಪ್ಪನ್ನು ಮೊದಲು ನೆಗೆಟಿವ್ ಗೂಟಕ್ಕೆ ಹಾಕಿ ನೋಡಿ, ಆಮೇಲೆ ಎಂಜಿನ್ ಬ್ಲಾಕಿಗೆ ಬದಲಾಯಿಸಿ. ಗೂಟದಿಂದ ಹತ್ತದ ಎಂಜಿನ್ ಬ್ಲಾಕಿನಿಂದ ಹತ್ತಿದರೆ ಅರ್ಥ್ ವೈರನ್ನೇ ಹಿಡಿದುಕೊಂಡಂತಾಯಿತು. ಹೊಸ ಬ್ಯಾಟರಿಯ ದುಡ್ಡು ಉಳಿಯಿತು.

ಸೆಲ್ಫ್ ಸರಾಗವಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಡಬ್ಬವನ್ನು ಡಿಕ್ಕಿಗೆ ವಾಪಸ್ ಇಡಿ, ಅದು ಡೀಸೆಲ್ ಕಡೆಯ ತಕರಾರು. ಸೈಲೆನ್ಸರ್‌ನಿಂದ ಹೊಗೆಯೇ ಇಲ್ಲ ಅಂದರೆ ಡೀಸೆಲ್ ತಲುಪುತ್ತಿಲ್ಲ, ಬಿಳಿ ಹೊಗೆ ಬಂದರೆ ತಲುಪಿಯೂ ಉರಿಯುತ್ತಿಲ್ಲ. ಫಿಲ್ಟರ್ ಅಡಿಯ ಸ್ಕ್ರೂ ಸಡಿಲಿಸಿ ಬಿಳಿ ಬಾಟಲಿಗೆ ಸ್ವಲ್ಪ ಹಿಡಿಯಿರಿ. ಐದು ನಿಮಿಷ ಬಿಟ್ಟರೆ ನೀರು ತಳಕ್ಕೆ ಇಳಿದು ಗೆರೆ ಎಳೆದಂತೆ ಕಾಣುತ್ತದೆ. ಟ್ಯಾಂಕ್ ಖಾಲಿಯಾಗಿ ಏರ್ ಹಿಡಿದಿದ್ದರೆ ಪ್ರೈಮರ್ ಪಂಪು (ಡೀಸೆಲ್ ತುಂಬಿಸುವ ಕೈಪಂಪು) ಗಟ್ಟಿಯಾಗುವವರೆಗೆ ಒತ್ತಿ. ಹಳೇ ಟೆಂಪೊ ಕಾಲದ ಮೆಕ್ಯಾನಿಕ್‌ಗಳು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುತ್ತಿದ್ದರು. ಕಾಮನ್ ರೈಲ್ ಎಂಜಿನ್‌ನಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಹೆಚ್ಚೊತ್ತಡದ ಪೈಪಿನಿಂದ ಡೀಸೆಲ್ ಹೋಗುವಂಥದು) ಯಾರೇ ಹೇಳಿದರೂ ಅದನ್ನು ಮಾಡಬೇಡಿ. ಸೆಲ್ಫ್ ಹೊಡೆಯುವಾಗಲೇ ಅಲ್ಲಿ ನೂರಾರು ಬಾರ್ ಒತ್ತಡ ಇರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಕ್ಯಾಂಪರ್ ಇದ್ದವರು ಮರೆಯುವ ಸಂಗತಿ ಒಂದಿದೆ: ಗಾಡಿಯಲ್ಲಿ ಆಗಲೇ ಇನ್ನೊಂದು ದೊಡ್ಡ ಬ್ಯಾಟರಿ ಇದೆ. ಫ್ರಿಜ್, ಫ್ಯಾನ್, ದೀಪಕ್ಕೆ ಇಟ್ಟ 100 ಆಂಪಿಯರ್-ಅವರ್ ಎಲ್‌ಎಫ್‌ಪಿ (ಲಿಥಿಯಂ ಬಗೆಯ) ‘ಮನೆ ಬ್ಯಾಟರಿ’ಯಿಂದ ಕೇಬಲ್ ಎಳೆದು ನೇರವಾಗಿ ಸೆಲ್ಫ್ ಹೊಡೆಯಲು ಹೋಗಬೇಡಿ, ಅದನ್ನು ಕಾಯುವ ಸರ್ಕ್ಯೂಟ್, ಬಿಎಂಎಸ್, ಸಾಮಾನ್ಯವಾಗಿ 100 ಆಂಪಿಯರ್‌ಗೇ ಬಾಗಿಲು ಹಾಕುತ್ತದೆ. ಬದಲಿಗೆ ಇನ್ವರ್ಟರ್ ಆನ್ ಮಾಡಿ, 10 ಆಂಪಿಯರ್‌ನ ಮಾಮೂಲಿ 230 ವೋಲ್ಟ್ ಚಾರ್ಜರ್ ಅನ್ನು ಎಂಜಿನ್ ಬ್ಯಾಟರಿಗೆ ಹಚ್ಚಿ. ಮುಕ್ಕಾಲು ಗಂಟೆಯಲ್ಲಿ 7 ಆಂಪಿಯರ್-ಅವರ್ ತುಂಬುತ್ತದೆ, ಒಂದೆರಡು ಸೆಲ್ಫಿಗೆ ಧಾರಾಳ. ಮನೆ ಬ್ಯಾಟರಿಯಿಂದ ಹೋಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಕಾಯುವ ವ್ಯವಧಾನ ಇದ್ದವರಿಗೆ ಜಂಪ್ ಡಬ್ಬಕ್ಕಿಂತ ಇದೇ ವಾಸಿ ಅನ್ನುವುದು ನಮ್ಮ ಅಭಿಪ್ರಾಯ.

ಇನ್ನು ಬ್ಯಾಟರಿ ಯಾಕೆ ಇಳಿಯಿತು ಅನ್ನುವುದು. ಬೆಂಗಳೂರಿನ ಚಳಿ ಅಷ್ಟು ಕೆಟ್ಟದ್ದಲ್ಲ, ಕಾರಣ ಬೇಸ್‌ಮೆಂಟ್ ಪಾರ್ಕಿಂಗ್. ಗಾಡಿ ವಾರಗಟ್ಟಲೆ ಅಲ್ಲೇ ನಿಲ್ಲುತ್ತದೆ. ಮೇಲೆ ಸೋಲಾರ್ ಇದ್ದರೂ ಅಲ್ಲಿ ಬಿಸಿಲಿಲ್ಲ, ಬಿಸಿಲಿದ್ದರೂ ಅದು ಸಾಮಾನ್ಯವಾಗಿ ಮನೆ ಬ್ಯಾಟರಿಗೆ ಮಾತ್ರ ಹೋಗುತ್ತದೆ. ಎಲ್ಲ ಆಫ್ ಮಾಡಿದ ಮೇಲೆ ಎಂಜಿನ್ ಬ್ಯಾಟರಿಯಿಂದ ಎಳೆತ 50 ಮಿಲಿ ಆಂಪಿಯರ್ ಒಳಗಿರಬೇಕು. ಜಿಪಿಎಸ್, ಸ್ಟೀರಿಯೊ, ತಪ್ಪಾಗಿ ಎಂಜಿನ್ ಬ್ಯಾಟರಿಗೆ ಸೇರಿಸಿದ ಯಾವುದೋ ವೈರು ಸೇರಿ ಅರ್ಧ ಆಂಪಿಯರ್ ಆದರೆ ದಿನಕ್ಕೆ 12 ಆಂಪಿಯರ್-ಅವರ್ ಖಾಲಿ, ನಾಲ್ಕು ದಿನಕ್ಕೆ 100ರ ಬ್ಯಾಟರಿ ಅರ್ಧಕ್ಕೆ. ಅಳೆಯಲು ಕ್ಲ್ಯಾಂಪ್ ಮೀಟರ್ ಕೊಳ್ಳುವವರು ಡಿ.ಸಿ. ಆಂಪಿಯರ್ ತೋರಿಸುತ್ತದೆಯೇ ಅಂತ ಎಸ್.ಪಿ. ರೋಡ್‌ನ ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಿ. ಅಗ್ಗದವು ಬಹುತೇಕ ಎ.ಸಿ. ಮಾತ್ರ ಅಳೆಯುತ್ತವೆ, ಗಾಡಿಗೆ ಪ್ರಯೋಜನವಿಲ್ಲ. ಹೆಣೆದ ತಾಮ್ರದ ಅರ್ಥ್ ಪಟ್ಟಿ, ಸೆಲ್ಫಿನ ಬ್ರಷ್, ಸಾಲಿನಾಯ್ಡ್ ಜೆ.ಸಿ. ರೋಡ್‌ನಲ್ಲಿ ಸಿಗುತ್ತವೆ. ಹಳೆಯದನ್ನು ಬಿಚ್ಚಿ ಕೈಯಲ್ಲೇ ಒಯ್ದರೆ ಅಳತೆ ತಪ್ಪುವುದಿಲ್ಲ.

ಡಬ್ಬ ಕೊಂಡಿದ್ದೇ ಆದರೆ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಗಾಜಿನೊಳಗೆ ಕಾವು 60 ಡಿಗ್ರಿ ದಾಟಬಲ್ಲದು, ಲಿಥಿಯಂ ಸೆಲ್ ಉಬ್ಬುವುದು ಅಲ್ಲೇ. ಸೀಟಿನಡಿ ನೆರಳಲ್ಲಿಟ್ಟು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಮೈ ಸ್ವಲ್ಪ ಊದಿಕೊಂಡಂತೆ ಕಂಡರೂ ಮತ್ತೆ ಚಾರ್ಜಿಗೆ ಹಾಕದೆ ಇ-ವೇಸ್ಟ್‌ಗೆ ಕೊಟ್ಟುಬಿಡಿ.