ಮೆಂಬರಕ್ಕನ ಖಾನಾವಳಿ: ರೊಟ್ಟಿ ಫಸ್ಟ್ ಕ್ಲಾಸ್, ಕಾಗದ ಜಸ್ಟ್ ಪಾಸ್

ಚಿತ್ರದುರ್ಗದ ಸಂತೆಪೇಟೆ ಕಡೆಯ ಒಂದು ಓಣಿಯಲ್ಲಿ ಈ ಖಾನಾವಳಿ ಇದೆ. ದೊಡ್ಡ ಬೋರ್ಡೇನೂ ಇಲ್ಲ. ಗೋಡೆ ಮೇಲೆ ನೀಲಿ ಬಣ್ಣದಲ್ಲಿ ‘ಜೋಳದ ರೊಟ್ಟಿ ಊಟ ಸಿಗುತ್ತದೆ’ ಅಂತ ಬರೆದಿದೆ. ಅದರ ಕೆಳಗೇ ‘ನಗರಸಭಾ ಸದಸ್ಯರ ಕಚೇರಿ’ ಅಂತಲೂ ಇದೆ. ಎರಡಕ್ಕೂ ಒಂದೇ ಬಾಗಿಲು, ಎರಡನ್ನೂ ನಡೆಸುವುದು ನಮ್ಮ ಮೆಂಬರಕ್ಕ. ಅವರ ಸದಸ್ಯತ್ವದ ಅವಧಿ ಮುಗಿದರೂ ಬರಹ ಅಳಿಸಿಲ್ಲ, ಜನ ಬರುವುದೂ ನಿಂತಿಲ್ಲ. ಹಾಗಾಗಿ ಊಟ ಹೇಗಿದೆ ಅಂತಲೂ ಹೇಳ್ತೀನಿ, ಕಚೇರಿ ಹೇಗಿದೆ ಅಂತಲೂ ಹೇಳ್ತೀನಿ.

ನಂದು ಜೆರಾಕ್ಸ್ ಅಂಗಡಿ. ಅರ್ಜಿ ಬರೆದುಕೊಡುವುದು, ಆನ್‌ಲೈನ್ ಫಾರಂ ತುಂಬುವುದು, ಡಿಟಿಪಿ, ಲ್ಯಾಮಿನೇಷನ್ ಎಲ್ಲ ಇದೆ. ನಮ್ಮೂರ 35 ವಾರ್ಡುಗಳಲ್ಲಿ ಯಾವ ಮೆಂಬರು ಯಾರಿಗೆ ಏನು ಶಿಫಾರಸು ಪತ್ರ ಕೊಟ್ಟರು ಅನ್ನುವುದರಲ್ಲಿ ಅರ್ಧ ನನ್ನ ಮೆಷಿನ್ ಮೇಲೇ ಹಾದು ಹೋಗುತ್ತದೆ.

ಮೊದಲು ಊಟ. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಅನ್ನ, ಸಾರು, ಮಜ್ಜಿಗೆ. ಮುದ್ದೆ ಬೇಕಂದ್ರೆ ಮುಂಚೆಯೇ ಹೇಳಬೇಕು. ರೊಟ್ಟಿ ಕೈಯಲ್ಲೇ ತಟ್ಟಿದ್ದು, ಅಂಚು ಗರಿಗರಿ, ನಡುವೆ ಮೆತ್ತಗೆ. ಶೇಂಗಾ ಚಟ್ನಿಪುಡಿ ಬಗ್ಗೆ ಏನು ಹೇಳುವುದು, ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಶೇಂಗಾಕ್ಕೆ ಬರವೇ? ಸಾರು ಮಾತ್ರ ಕೆಲವು ದಿನ ತೀರಾ ನೀರು. ಬಡಿಸುವ ಹುಡುಗ ಮೊಬೈಲ್ ನೋಡ್ತಾ ನಿಂತಿರ್ತಾನೆ, ಎರಡು ಸಲ ಕೂಗಬೇಕು. ಕೈ ತೊಳೆಯುವ ಜಾಗ ಚೊಕ್ಕಟವಾಗಿದೆ. ನೀರಂತೂ ಯಾವತ್ತೂ ಖಾಲಿ ಆಗಿದ್ದು ನಾನು ನೋಡಿಲ್ಲ. ಆ ನೀರಿನ ಹಿಂದೆಯೇ ಈಯಮ್ಮನ ಕಥೆ ಎಲ್ಲಾ ಇರುವುದು.

2018ರ ನಗರಸಭೆ ಚುನಾವಣೆಗೆ ಅವರ ಕರಪತ್ರ ಡಿಟಿಪಿ ಆಗಿದ್ದು ನಮ್ಮ ಅಂಗಡಿಯಲ್ಲೇ. ಪಕ್ಷೇತರ ಅಭ್ಯರ್ಥಿ. ‘ನಿಮ್ಮ ಪರಿಚಯ ಹೇಳಕ್ಕ’ ಅಂದೆ. ಹೇಳಿದ್ದು ಇಷ್ಟು: ತವರು ಮೊಳಕಾಲ್ಮೂರು ಕಡೆಯ ಹಳ್ಳಿ, ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು, ಓದಿದ್ದು ಏಳನೇ ಕ್ಲಾಸು. ಯಜಮಾನರು ಹಮಾಲಿ. ಸೊಂಟ ಹೋದಮೇಲೆ ಅವರು ಮನೆಯಲ್ಲೇ. ಆಗ ಶುರುವಾಗಿದ್ದು ರೊಟ್ಟಿ. ಮೊದಲು ಮನೆಯಲ್ಲಿ ತಟ್ಟಿ ಹೋಟೆಲುಗಳಿಗೆ ಕೊಡ್ತಿದ್ದರು. ಆಮೇಲೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಈ ಖಾನಾವಳಿ. ಬೇರೆ ಅಭ್ಯರ್ಥಿಗಳೆಲ್ಲ ಹತ್ತು ಹದಿನೈದು ಭರವಸೆ ಹಾಕಿಸ್ತಿದ್ದರು. ನೀವೂ ಹಾಕಿಸಿ, ಜಾಗ ಖಾಲಿ ಇದೆ ಅಂದೆ. ‘ಮೂರು ಸಾಕಣ್ಣ, ಜಾಸ್ತಿ ಹಾಕಿದ್ರೆ ನಂಗೇ ನೆನಪಿರಲ್ಲ’ ಅಂದರು. ನೀರು, ಸಂತೆಗೆ ಬರುವ ಹೆಂಗಸರಿಗೆ ಶೌಚಾಲಯ, ಅಂಗನವಾಡಿಯ ಸೋರುವ ಚಾವಣಿ. ಉಳಿದ ಜಾಗಕ್ಕೆ ಗ್ಯಾಸ್ ಸಿಲಿಂಡರ್ ಗುರುತನ್ನೇ ದೊಡ್ಡದು ಮಾಡಿ ಕೂರಿಸಿದೆ.

ನೀರು ಯಾಕೆ ಮೊದಲು ಅಂದ್ರೆ, ಅವರ ಮನೆ ಓಣಿಯ ಏರಿನ ತುದಿಯಲ್ಲಿದೆ. ನಮ್ಮೂರಿಗೆ ನೀರು ಬರುವುದು ಚನ್ನಗಿರಿ ತಾಲೂಕಿನ ಸೂಳೆಕೆರೆಯಿಂದ, ಇನ್ನೊಂದು ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರದಿಂದ. ಅಷ್ಟು ದೂರದಿಂದ ಬಂದ ನೀರು ಓಣಿಯ ಕೆಳಗಿನ ಮನೆಗಳ ಸಂಪಿಗೇ ಸರಿಹೋಗ್ತಿತ್ತು. ಮೇಲಿನವರ ನಲ್ಲಿಯಲ್ಲಿ ಬರೀ ಗಾಳಿ. ಬೆಳಗಿನ ಜಾವ ಹಿಟ್ಟು ಕಲಸಬೇಕಾದವಳಿಗೆ ರಾತ್ರಿಯೆಲ್ಲ ಕೊಡ ಇಟ್ಟುಕೊಂಡು ಕಾಯುವ ಕೆಲಸ.

ಗೆದ್ದರು. ಆದರೆ ಕುರ್ಚಿ ಸಿಗಲಿಲ್ಲ. ಅಧ್ಯಕ್ಷರ ಮೀಸಲಾತಿ ತಕರಾರು ಕೋರ್ಟಿಗೆ ಹೋಗಿ, ರಾಜ್ಯದಲ್ಲಿ ಆ ಸಲ ಗೆದ್ದ ನಗರಸಭೆ, ಪುರಸಭೆ ಮೆಂಬರುಗಳು ಬಹುತೇಕ 2020ರ ಕೊನೆವರೆಗೂ ಸುಮ್ನೆ ಕೂತರು. ಬೇರೆಯವರು ಆ ಟೈಮಲ್ಲಿ ಮದುವೆ, ಗೃಹಪ್ರವೇಶ ಅಂತ ಓಡಾಡಿಕೊಂಡಿದ್ದರು. ಈಯಮ್ಮ ವಾಲ್‌ಮನ್ ಹಿಂದೆ ಹೋಗಿ ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡರು. ಆ ಪುಟ ನನ್ನ ಹತ್ತಿರ ಜೆರಾಕ್ಸಿಗೆ ಬಂದಿತ್ತು. ಇಂಜಿನಿಯರ್ ಡ್ರಾಯಿಂಗ್ ಅಲ್ಲ, ಆದರೆ ನೋಡಿದವರಿಗೆ ಅರ್ಥವಾಗ್ತಿತ್ತು. ಮುಂದೆ ಮೇಲಿನ ತುದಿಗೆ ಬೇರೆ ವಾಲ್ವ್ ಕೂರಿಸಿದ್ದು ಅದನ್ನು ಹಿಡಿದುಕೊಂಡು ಓಡಾಡಿಯೇ. ಅವರು ಹೋದಲ್ಲೆಲ್ಲ ಹೇಳುತ್ತಿದ್ದ ಮಾತು ಒಂದಿದೆ: ‘ಕೋಟೆ ಮ್ಯಾಲೆ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಆಮ್ಯಾಲೆ ಸಂತೆಹೊಂಡಕ್ಕೆ. ನಾಯಕರ ಕಾಲದಾಗೆ ಮೋಟ್ರಿಲ್ದೆ ಊರಿಗೆಲ್ಲ ನೀರು ಹಂಚಿದ್ರು. ನೀವು ಮೋಟ್ರು ಇಟ್ಕಂಡು ಒಂದು ಓಣಿಗೆ ಆಗಲ್ಲ ಅಂತೀರಲ್ರೀ!’

2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ಊರೆಲ್ಲ ಸೆಲ್ಫಿಗೆ ಹೋಯಿತು. ನಾನೂ ಹೋಗಿದ್ದೆ, ಸುಳ್ಳು ಯಾಕೆ. ಇವರು ಹೋಗಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ನಮ್ಮೂರಿನದೇ ಕವಾಡಿಗರಹಟ್ಟಿಯಲ್ಲಿ ವಾಂತಿಭೇದಿಯಾಗಿ ಜನ ಸತ್ತರಲ್ಲ, ಆಗ ನೋಡಬೇಕಿತ್ತು ಅವರನ್ನು. ಅದು ಅವರ ವಾರ್ಡೂ ಅಲ್ಲ. ಆದರೂ ಖಾನಾವಳಿ ಬಾಗಿಲು ಹಾಕಿ, ಸಂಘದ ಹೆಂಗಸರನ್ನು ಕರೆದುಕೊಂಡು, ನಮ್ಮ ಓಣಿಗಳಲ್ಲಿ ಕುಡಿಯುವ ನೀರಿನ ಪೈಪು ಎಲ್ಲೆಲ್ಲಿ ಚರಂಡಿಯೊಳಗೇ ಹೋಗಿದೆ ಅಂತ ಮನೆಮನೆ ಮುಂದೆ ಬಗ್ಗಿ ನೋಡಿದರು. ಪಟ್ಟಿ ಮಾಡಿ ನನ್ನ ಹತ್ತಿರ ಟೈಪ್ ಮಾಡಿಸಿದರು. ಆ ಕೆಲಸಕ್ಕೆ ನಾನು ದುಡ್ಡು ತಗೊಂಡಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಹೆಂಗಸರು ಗೆದ್ದ ಎಷ್ಟೋ ಕಡೆ ಫ್ಲೆಕ್ಸ್ ಮೇಲೆ ಗಂಡನ ಫೋಟೊನೇ ದೊಡ್ಡದು, ಫೋನ್ ನಂಬರೂ ಗಂಡನದೇ. ಇಲ್ಲಿ ಯಜಮಾನರು ಗಲ್ಲಾಪೆಟ್ಟಿಗೆ ಹತ್ತಿರ ಕೂತು ಚಿಲ್ಲರೆ ಕೊಡ್ತಾರೆ, ಅಷ್ಟೇ. ವಾರ್ಡಿನ ವಿಷಯ ಕೇಳಿದರೆ ‘ಅವಳನ್ನೇ ಕೇಳಪ್ಪ’ ಅಂತಾರೆ.

ಈಗ ತಕರಾರು. ತಾನು ಪಟ್ಟ ಕಷ್ಟವಾದರೆ ಈಯಮ್ಮನಿಗೆ ಬೇಗ ಅರ್ಥವಾಗುತ್ತದೆ. ತಾನು ಕಾಣದ ಕಷ್ಟ ತಲೆಗೇ ಹೋಗುವುದಿಲ್ಲ. ಕಾಂಪಿಟಿಟಿವ್ ಪರೀಕ್ಷೆಗೆ ಓದುವ ಹುಡುಗರು, ಸಂಜೆ ಕೂತು ಓದಲು ಒಂದು ರೂಮು ಮಾಡಿಸಿಕೊಡಿ ಅಂತ ಎಷ್ಟು ಸಲ ಬಂದರೋ. ‘ಮೊದ್ಲು ನೀರು ಆಗ್ಲಿ, ತಮ್ಮಾ’ ಅಂತಲೇ ಕಳಿಸಿದರು. ನೀರಿನ ಕೆಲಸ ಅನ್ನೋದು ಎಂದಾದರೂ ಮುಗಿಯುತ್ತದಾ? ಆ ಹುಡುಗರಲ್ಲಿ ಒಬ್ಬ ನಮ್ಮ ಅಂಗಡಿ ಮುಂದಿನ ಬೀದಿದೀಪದ ಕೆಳಗೆ ಓದ್ತಿದ್ದ. ಆಮೇಲೆ ಆ ದೀಪವೂ ಕೆಟ್ಟು ಬಹಳ ದಿನ ಹಾಗೇ ಇತ್ತು, ಅದಕ್ಕೂ ಇದೇ ಉತ್ತರ. ಸಂಘದ ಹೆಂಗಸರ ಕೆಲಸಕ್ಕೆ ಮೊದಲ ಸಾಲು, ಉಳಿದವರು ಆಮೇಲೆ ಅನ್ನುವುದೂ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಸಂಘದವರು ಅದನ್ನು ಒಪ್ಪಲ್ಲ, ಬಿಡಿ.

ಕಾಗದದ ವಿಷಯವಂತೂ ಕೇಳಲೇಬೇಡಿ. 2025ರ ಫೆಬ್ರವರಿಯಲ್ಲಿ ಲೇಔಟ್ ಮಂಜೂರಾತಿ ಇಲ್ಲದ ರೆವಿನ್ಯೂ ಸೈಟುಗಳಿಗೂ ಬಿ-ಖಾತಾ, ಅಂದ್ರೆ ನಗರಸಭೆಯ ಆಸ್ತಿ ದಾಖಲೆ, ಕೊಡುತ್ತೇವೆ ಅಂತ ಸರ್ಕಾರ ಹೇಳಿತಲ್ಲ, ಜನ ಮುಗಿಬಿದ್ದರು. ಅರ್ಧ ಜನ ಇಲ್ಲಿಗೇ ಬಂದರು. ಈಯಮ್ಮ ಪ್ರತಿಯೊಬ್ಬರಿಗೂ ಲೆಟರ್‌ಹೆಡ್ ಮೇಲೆ ಒಂದೊಂದು ಪತ್ರ ಕೊಟ್ಟು ಕಳಿಸಿದರು. ಪಾಪ, ಒಳ್ಳೆ ಮನಸ್ಸಿನಿಂದಲೇ. ಆದರೆ ಕಂಪ್ಯೂಟರಿಗೆ ಬೇಕಾಗಿದ್ದು ನೋಂದಣಿಯಾದ ಕ್ರಯಪತ್ರ, ಇಸಿ (ಋಣಭಾರ ಪತ್ರ), ಕಂದಾಯದ ರಸೀದಿ, ಮಾಲೀಕರ ಫೋಟೊ, ಆಧಾರ್. ಮೆಂಬರ ಪತ್ರ ಅಪ್‌ಲೋಡ್ ಮಾಡಲು ಅದರಲ್ಲಿ ಜಾಗವೇ ಇಲ್ಲ. ಜನ ಕೌಂಟರ್ ತನಕ ಹೋಗಿ, ವಾಪಸ್ ಬಂದು, ನನ್ನ ಮೇಲೆ ರೇಗಿದರು. ‘ಅಕ್ಕ, ಈ ಪಟ್ಟಿ ನಿಮ್ಮ ಗೋಡೆಗೆ ಅಂಟಿಸಿ’ ಅಂತ ಒಂದು ಶೀಟ್ ಲ್ಯಾಮಿನೇಷನ್ ಮಾಡಿ ಕೊಟ್ಟೆ. ಅದನ್ನು ಚಟ್ನಿಪುಡಿ ಡಬ್ಬದ ಕೆಳಗೆ ಹಾಸಿದ್ದಾರೆ.

ಮುಂದಿನ ಸಲವೂ ನಿಲ್ತಾರಂತೆ. ನಿಂತರೆ ನನ್ನ ವೋಟು ಅವರಿಗೇ. ಆದರೆ ಕರಪತ್ರ ಮಾಡಿಸಲು ಬಂದಾಗ ಓದುವ ರೂಮು ನಾಲ್ಕನೇ ಭರವಸೆಯಾಗಿ ಸೇರದಿದ್ದರೆ ಟೈಪ್ ಮಾಡಲ್ಲ ಅಂತ ಈಗಲೇ ಹೇಳಿದ್ದೀನಿ. ‘ನೋಡಾಣ ಕೂತ್ಕಳಣ್ಣ, ಉಣ್ಣು ಮೊದ್ಲು’ ಅಂದರು.

ಐದು ಅಂಕದಲ್ಲಿ ಊಟಕ್ಕೆ ನಾಲ್ಕೂವರೆ, ಕಚೇರಿಗೆ ಮೂರು. ಹೋಗುವವರು ಹನ್ನೆರಡರಿಂದ ಎರಡರ ಒಳಗೆ ವಾರ್ಡಿನ ವಿಷಯ ಎತ್ತಬೇಡಿ, ಒಲೆ ಮುಂದಿರ್ತಾರೆ, ಬೈಸಿಕೊಳ್ತೀರಿ. ಮೂರು ಗಂಟೆ ಮೇಲೆ ಹೋದರೆ ನೋಟ್‌ಬುಕ್ ತೆಗೆದು ಹೆಸರು ಬರೆದುಕೊಳ್ತಾರೆ. ನೀರು, ಚರಂಡಿ, ಪಿಂಚಣಿ, ಅಂಗನವಾಡಿ ವಿಷಯವಾದರೆ ಧೈರ್ಯವಾಗಿ ಹೋಗಿ. ಖಾತೆ ವಿಷಯವಾದರೆ ಅಲ್ಲಿ ಊಟ ಮಾಡಿಕೊಂಡು, ಕಾಗದ ಎಲ್ಲ ಜೋಡಿಸಿಕೊಂಡು ನೇರ ಕೌಂಟರಿಗೇ ಹೋಗಿ. ಸೋಮವಾರ ಖಾನಾವಳಿ ರಜೆ. ಗೂಗಲ್ ಪೇ ಇದೆ, ಆದರೆ ಯಜಮಾನರಿಗೆ ಮೆಸೇಜ್ ನೋಡಲು ಬರಲ್ಲ, ಚಿಲ್ಲರೆ ಇಟ್ಟುಕೊಳ್ಳಿ.