ಡಿ ಡ್ರೈವ್‌ನಲ್ಲಿರುವ ಕಾಪಿಯನ್ನು ನಂಬಬೇಡಿ

ಲ್ಯಾಪ್‌ಟಾಪ್ ರಿಪೇರಿಗೆ ಕೊಡುವವರು ದಯವಿಟ್ಟು ಓದಿ.

ನಮ್ಮದು ಸೋಮವಾರಪೇಟೆ ಕಡೆ ಚಿಕ್ಕ ಕಾಫಿ ತೋಟ. ಅಪ್ಪ 1994ರಿಂದ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ, ಇಂಚು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಿದ್ದರು. ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವತ್ತು ಬಿತ್ತು, 2018ರ ಆಗಸ್ಟ್‌ನಲ್ಲಿ ದಿನಕ್ಕೆ ಎಷ್ಟು ಸುರಿಯಿತು, ಎಲ್ಲ ಅದರಲ್ಲಿತ್ತು. ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಎರಡು ಮಳೆಗಾಲ ಕೂತು ಪೂರ್ತಿ ಎಕ್ಸೆಲ್‌ಗೆ ಹಾಕಿದೆ. ಆಮೇಲೆ ಗೆದ್ದಲು ತಿಂದ ಪುಸ್ತಕಗಳನ್ನು ಸುಟ್ಟೆವು.

ಕಳೆದ ಜುಲೈನಲ್ಲಿ ಕರೆಂಟು ಹೋಗಿ ಬಂದ ಮೇಲೆ ಲ್ಯಾಪ್‌ಟಾಪ್ ಆನ್ ಆದರೂ ವಿಂಡೋಸ್ ತೆರೆಯಲಿಲ್ಲ. ಮಡಿಕೇರಿಯ ಒಂದು ಅಂಗಡಿಗೆ ಕೊಟ್ಟೆ. 'ರಿಸ್ಟೋರ್ ಮಾಡಿದ್ರೆ ಸರಿಯಾಗುತ್ತೆ ಅಕ್ಕ, ಬ್ಯಾಕಪ್ ಇದ್ಯಾ?' ಅಂತ ಕೇಳಿದರು. ಡಿ ಡ್ರೈವ್‌ನಲ್ಲಿ ಕಾಪಿ ಇದೆ ಅಂದೆ.

ಇಲ್ಲೇ ಎರಡು ತಪ್ಪಾಯಿತು. ರಿಸ್ಟೋರ್ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಸಿಸ್ಟಮ್ ರಿಸ್ಟೋರ್. ಅದು ವಿಂಡೋಸ್ ಸೆಟ್ಟಿಂಗ್‌ಗಳನ್ನು ಹಿಂದಿನ ಒಂದು ದಿನಕ್ಕೆ ಒಯ್ಯುತ್ತದೆ, ನಮ್ಮ ಫೋಟೋ, ಫೈಲುಗಳನ್ನು ಮುಟ್ಟುವುದಿಲ್ಲ. ಅವರು ಮಾಡಿದ್ದು ಕಂಪನಿ ರಿಕವರಿ: ಲ್ಯಾಪ್‌ಟಾಪ್ ಕೊಂಡ ದಿನ ಹೇಗಿತ್ತೋ ಹಾಗೆ. ಇನ್ನು ಸಿ, ಡಿ ಅಂತ ಎರಡು ಹೆಸರು ಇದ್ದರೂ ಒಳಗೆ ಇದ್ದದ್ದು ಒಂದೇ ಡಿಸ್ಕ್. ಮನೆಗೆ ತಂದು ನೋಡಿದರೆ ಡಿ ಡ್ರೈವೇ ಇಲ್ಲ.

ಅವತ್ತೇ ಲ್ಯಾಪ್‌ಟಾಪ್ ಆಫ್ ಮಾಡಬೇಕಿತ್ತು. ನಾನು ನಾಲ್ಕು ದಿನ ಅದರಲ್ಲೇ ಹುಡುಕಿದೆ, ಅಪ್‌ಡೇಟ್ ಹಾಕಿದೆ, ರಿಕವರಿ ಸಾಫ್ಟ್‌ವೇರನ್ನೂ ಅದರಲ್ಲೇ ಇಳಿಸಿದೆ. ಹೊಸದಾಗಿ ಬರೆದದ್ದು ಹಳೆಯ ಫೈಲಿನ ಜಾಗದ ಮೇಲೇ ಕೂರಬಹುದು. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಫೈಲ್ ಇಡುವ ಡಿಸ್ಕ್) ಆದರೆ ಇನ್ನೂ ಕಷ್ಟ, ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ತಾನಾಗಿಯೇ ಖಾಲಿ ಮಾಡಿಬಿಡುತ್ತದೆ. ಕೆಲವು ಫೋಟೋ ಅರ್ಧಂಬರ್ಧ ಸಿಕ್ಕವು. ಮಳೆ ಲೆಕ್ಕ ಸಿಗಲಿಲ್ಲ. ಅಪ್ಪ ಬೈಯಲಿಲ್ಲ, ಎದ್ದು ತೋಟಕ್ಕೆ ಹೋದರು. ಅದು ಬೈಗುಳಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಈಗ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇಟ್ಟುಕೊಂಡಿದ್ದೇನೆ. ಪ್ರತಿ ಭಾನುವಾರ ಕಾಪಿ ಮಾಡಿ, ಬೇರೆ ಲ್ಯಾಪ್‌ಟಾಪಿಗೆ ಹಾಕಿ ಒಂದೆರಡು ಫೈಲ್ ತೆರೆದು ನೋಡಿ, ಕೇಬಲ್ ಕಿತ್ತಿಡುತ್ತೇನೆ. ನಮ್ಮ ಕಡೆ ಏಪ್ರಿಲ್, ಮೇ ಗುಡುಗು ಮಿಂಚು ಗೊತ್ತಲ್ವಾ, ಚುಚ್ಚಿಟ್ಟರೆ ಎರಡೂ ಒಟ್ಟಿಗೆ ಸುಡಬಹುದು. ಮಳೆಗಾಲದ ಥಂಡಿಗೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮುಖ್ಯವಾದ ಎಕ್ಸೆಲ್ ಫೈಲುಗಳು ಗೂಗಲ್ ಡ್ರೈವ್‌ನಲ್ಲೂ ಇವೆ. ಉಚಿತವಾಗಿ ಸಿಗುವ 15 ಜಿಬಿ ಲೆಕ್ಕಪತ್ರಕ್ಕೆ ಧಾರಾಳ ಸಾಕು.

ನಿಮ್ಮದನ್ನು ಈಗಲೇ ನೋಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ, ಡಿ ಎರಡೂ 'ಡಿಸ್ಕ್ 0' ಅನ್ನುವ ಒಂದೇ ಸಾಲಿನಲ್ಲಿ ಇದ್ದರೆ ಡಿಯಲ್ಲಿರುವ ಕಾಪಿ ಬ್ಯಾಕಪ್ ಅಲ್ಲ. ಲ್ಯಾಪ್‌ಟಾಪ್ ಆಗಲೇ ಅಂಗಡಿಯಲ್ಲಿದ್ದರೆ ಫೋನ್ ಮಾಡಿ, ನಾನು ಬರುವವರೆಗೆ ಏನೂ ಮಾಡಬೇಡಿ ಅಂತ ಹೇಳಿ.