ಪೈಪ್ ಸ್ಟ್ರೆಸ್ ಕೋರ್ಸು: 14 ತಿಂಗ್ಳು ಆದ್ಮೇಲೆ ಬರೀತಿರೋದು

ಬಿಸಿ, ಪ್ರೆಶರ್ ಎಲ್ಲ ಪೈಪು ತಡ್ಕೊಳುತ್ತಾ ಅಂತ ಲೆಕ್ಕ ಹಾಕೋದು ಕಲಿಸೋ ಈ ವಿಡಿಯೋ ಕೋರ್ಸಿಗೆ 9,000 ಕಟ್ಟಿ 14 ತಿಂಗ್ಳಾಯ್ತು. ಸಿಲಬಸ್ಸು ಎಲ್ರೂ ನೋಡಿರ್ತೀರ, ಅದನ್ನ ಬಿಡಿ. 40 ಗಂಟೆ ವಿಡಿಯೋದಲ್ಲಿ ಮುಕ್ಕಾಲುವಾಸಿ ಸೀಸರ್ ಟೂನಲ್ಲಿ (ಈ ಲೆಕ್ಕ ಮಾಡೋ ಸಾಫ್ಟ್‌ವೇರು) ಇಲ್ಲಿ ಒತ್ತಿ, ಅಲ್ಲಿ ಪೈಪಿನ ಬಿಂದುವಿನ ನಂಬರ್ ಹಾಕಿ, ಈಗ ರನ್ ಮಾಡಿ, ನೋಡಿ ಪಾಸ್ ಆಯ್ತು ಅನ್ನೋದ್ರಲ್ಲೇ ಹೋಗುತ್ತೆ. ಫೇಲ್ ಆದ್ರೆ? ಇನ್ನೊಂದು ಸಪೋರ್ಟ್ ಹಾಕಿ ನೋಡಿ ಅಂತಾರೆ. ಯಾಕೆ ಅಂತ ಒಂದು ಮಾತಿಲ್ಲ.

ನಾನೂ ಹಂಗೇ ಕಲ್ತೆ. ಮೈಸೂರಲ್ಲಿ ಸಣ್ಣ ಡಿಸೈನ್ ಆಫೀಸಲ್ಲಿ ಕೆಲಸ, ಮಂಡ್ಯದಿಂದ ದಿನಾ ಟ್ರೈನಲ್ಲಿ ಓಡಾಟ. ಒಂದ್ಸಲ ಒಂದು ಸಕ್ಕರೆ ಕಾರ್ಖಾನೆ ಸ್ಟೀಮ್ ಲೈನು ಫೇಲ್ ಅಂತ ಬಂತು, ಎಲ್ಬೋ (ಪೈಪು ತಿರುಗೋ ಮೂಲೆ) ಪಕ್ಕದಲ್ಲೇ ಒಂದು ಗೈಡ್ (ಪೈಪು ಅಕ್ಕಪಕ್ಕ ಸರಿಯದಂಗೆ ಹಿಡಿಯೋ ಸಪೋರ್ಟು) ಹಾಕ್ದೆ, ಸ್ಟ್ರೆಸ್ ಇನ್ನೂ ಜಾಸ್ತಿ ಆಯ್ತು, ಪೈಪಿನ ಗೋಡೆ ದಪ್ಪ ಮಾಡ್ದೆ, ಇಳೀಲೇ ಇಲ್ಲ, ನಮ್ ಸೀನಿಯರ್ ಹಿಂದೆ ನಿಂತ್ಕೊಂಡು "ಏನಪ್ಪಾ, ಬಿಸಿ ಆದ್ರೆ ಅದು ಯಾವ ಕಡೆ ಹೋಗ್ಬೇಕು ಹೇಳು" ಅಂದ್ರು. ಬಾಯಿಗೆ ಮಾತೇ ಬರ್ಲಿಲ್ಲ.

ಆ ಸಿಟ್ಟಲ್ಲಿ ದುಡ್ಡು ವಾಪಸ್ ಕೇಳೋಣ ಅಂತ ಹುಡುಕ್ತಾ ಇದ್ದಾಗ ಸಿಕ್ಕಿದ್ದು, ಕಟ್ಟಕಡೇಲಿ ಬೋನಸ್ ಅಂತ ಎಸ್ದಿರೋ ಎರಡು ವಿಡಿಯೋ. ವಯಸ್ಸಾದ ಮೇಷ್ಟ್ರೊಬ್ರು, ಹಾಳೆ, ಪೆನ್ನು, ಅಷ್ಟೇ. ಅದನ್ನ ಏಳೆಂಟು ಸಲ ನೋಡಿದೀನಿ. ಈಗ ಬೆಳಿಗ್ಗೆ ಕಿಟಕಿ ಸೀಟು ಸಿಕ್ಕಿದ್ರೆ ನೋಟ್‌ಬುಕ್ಕು ತೊಡೆ ಮೇಲೆ, ಪಾಂಡವಪುರದಷ್ಟೊತ್ತಿಗೆ ಒಂದು ಲೆಕ್ಕ ಅರ್ಧ, ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಒಂದ್ಸಲ ತಲೆ ಎತ್ತೋದು, ಮೈಸೂರು ಬರೋದ್ರೊಳಗೆ ಉತ್ರ. 40 ಮೀಟರ್ ಕಾರ್ಬನ್ ಸ್ಟೀಲ್ ಪೈಪು 100 ಡಿಗ್ರಿ ಬಿಸಿ ಏರಿದ್ರೆ ಸುಮಾರು 48 ಮಿಮೀ ಬೆಳೆಯುತ್ತೆ. ಎರಡೂ ತುದಿ ಅಲ್ಲಾಡದಂಗೆ ಹಿಡಿದ್ರೆ 240 ಎಂಪಿಎ (ಮೆಗಾಪಾಸ್ಕಲ್, ಸ್ಟ್ರೆಸ್ ಅಳೆಯೋ ಮಾನ) ಸ್ಟ್ರೆಸ್ಸು, ಎ106 ಗ್ರೇಡ್ ಬಿ ಅನ್ನೋ ಮಾಮೂಲಿ ಕಾರ್ಬನ್ ಸ್ಟೀಲ್ ಪೈಪು ಯೀಲ್ಡ್ ಆಗೋದೂ, ಅಂದ್ರೆ ಶಾಶ್ವತವಾಗಿ ಆಕಾರ ಕೆಡೋದೂ, ಅಲ್ಲೇ. ಅದೇ ತುದೀಲಿ ತಿರುಗಿಸಿ ಅಡ್ಡಕ್ಕೊಂದು ಕಾಲು, ಅಂದ್ರೆ ಬಾಗೋಕೆ ಅಂತ ಒಂದು ತುಂಡು ಪೈಪು, ಬಿಟ್ರೆ, 8 ಇಂಚು ಪೈಪಿಗೆ 200 ಎಂಪಿಎ ಒಳಗಿರಕ್ಕೆ ಗೈಡೆಡ್ ಕ್ಯಾಂಟಿಲಿವರ್ (ಒಂದು ತುದಿ ಬಿಗಿ, ಇನ್ನೊಂದು ತಿರುಗದೆ ಪಕ್ಕಕ್ಕಷ್ಟೇ ಸರಿಯೋದು) ಲೆಕ್ಕದಲ್ಲಿ ಸುಮಾರು 5.6 ಮೀಟರ್ ಸಾಕು. ಆ ಸೂತ್ರದಲ್ಲಿ ಪೈಪಿನ ಗೋಡೆ ದಪ್ಪಾನೇ ಬರಲ್ಲ ಕಣ್ರೀ! ಪ್ರೆಶರಿಗೆ ದಪ್ಪ ಬೇಕು ಸರಿ, ಬಿಸಿಗೆ ದಪ್ಪ ಮಾಡಿದ್ರೆ ಆಂಕರ್ (ಪೈಪು ಬಿಗಿಯಾಗಿ ಹಿಡಿದಿರೋ ತುದಿ) ಮೇಲೆ ಫೋರ್ಸ್ ಏರುತ್ತೆ ಅಷ್ಟೇ. ಮತ್ತೆ ನಾನು ಗೈಡ್ ಹಾಕಿದ್ದು ಬಾಗ್ಬೇಕಾದ ಆ ಕಾಲಿಗೇನೇ.

ಇನ್ನೊಂದು ತಮಾಷೆ. ನಮ್ಮನೆ ಟೆರೇಸಲ್ಲಿ ಸೋಲಾರ್‌ನಿಂದ ಬರೋ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪು, ಮೂಲೆ ಎಲ್ಬೋಲಿ ಎರಡು ಸಲ ಸೋರಿತ್ತು. ಸಿಪಿವಿಸಿ ಅಂದ್ರೆ ಸ್ಟೀಲಿಗಿಂತ ಐದು ಪಟ್ಟು ಹಿಗ್ಗೋ ಮಾಲು, 10 ಮೀಟರಿಗೆ ಬಿಸಿನೀರು ಬಿಟ್ರೆ ಎರಡು ಸೆಂಟಿಮೀಟರ್ ಆರಾಮಾಗಿ. ಎಲ್ಬೋ ಎರಡೂ ಪಕ್ಕ ಕ್ಲಾಂಪು ಬಿಗಿದಿತ್ತು. ಒಂದನ್ನ ನಾನೇ ಬಿಚ್ಚಿ ದೂರಕ್ಕೆ ಹಾಕ್ದೆ, ಯುಗಾದಿಯಿಂದ ಒಂದು ಹನಿ ಇಲ್ಲ. ಪ್ಲಂಬರ್ ನೋಡಿ "ಸಾ, ನಾನು ಅಲ್ಲಾಡಬಾರ್ದು ಅಂತಾನೇ ಕಟ್ಟಿದ್ದು" ಅಂತ ಬೇಜಾರು ಮಾಡ್ಕೊಂಡ. ಅವನಿಗೇನು ಹೇಳ್ಲಿ, ನಾನು ಆಫೀಸಲ್ಲಿ ಮಾಡಿದ್ದೂ ಅದನ್ನೇ.

ಹಾಗಾಗಿ ಮೂರು ಸ್ಟಾರು, ಮೂರೂ ಆ ಮೇಷ್ಟ್ರಿಗೆ. ಆಕ್ಸೆಸ್ಸು ಇನ್ನು ನಾಲ್ಕು ತಿಂಗ್ಳು, ಡೌನ್‌ಲೋಡ್ ಮಾಡಕ್ಕೆ ಬಿಡಲ್ಲ, ಅವರ ಹಾಳೆಗಳನ್ನೆಲ್ಲ ಕೈಯಲ್ಲೇ ನಕಲು ಮಾಡ್ಕೋತಾ ಇದೀನಿ. ತಗೊಳೋರು ಆಫರ್ ಬರೋವರ್ಗೂ ಕಾಯ್ರಿ.